ಮೇಸ್ತ್ರಿಯ ಸೀಮೆಸುಣ್ಣ

ಮೇಸ್ತ್ರಿ ಬೆರಳು ಮಡಚಿ ಮೂರನೆಯ ಆಂಪ್ಲಿಫೈಯರಿನ ಬೆನ್ನಿಗೂ ಗೆಣ್ಣಿನಿಂದ ಎರಡು ಸಲ ಕುಟ್ಟಿದನು, ಕಿವಿಗೊಟ್ಟು ಆಲಿಸಿದನು, ಮುಖ ಹುಳ್ಳಗೆ ಮಾಡಿದನು. ಬಳಿಕ ಅಂಗಿಯ ಜೇಬಿನಿಂದ ಸೀಮೆಸುಣ್ಣದ ತುಂಡೊಂದನ್ನು ತೆಗೆದು ಆ ಕಪ್ಪು ಪೆಟ್ಟಿಗೆಯ ಮೇಲೆ ದೊಡ್ಡದೊಂದು ಇಂಟು ಗುರುತು ಎಳೆದೇಬಿಟ್ಟನು. ಪಕ್ಕದಲ್ಲಿದ್ದ ಮಗಳು ಕಣ್ಣು ಮುಚ್ಚಿಕೊಂಡಳು.

"ಅಯ್ಯೋ, ಏನ್ರೀ ಇದು! ಮಾರೋ ಸಾಮಾನಿನ ಮೇಲೆ ಗೀಚ್ತೀರಲ್ಲ!" ವಾದ್ಯದಂಗಡಿಯಾಕೆ ಒರಸುವ ಬಟ್ಟೆ ಹಿಡಿದು ಓಡಿಬಂದಳು.

"ಟೊಳ್ಳಮ್ಮಾ. ಮೂರಕ್ಕೆ ಮೂರೂ ಟೊಳ್ಳು. ನಿಮಗೂ ಯಾರೋ ಟೋಪಿ ಹಾಕಿದಾರೆ."

"ಅಪ್ಪಾ, ಅದು ಟೈಲ್ ಅಲ್ಲ!"

ಇಪ್ಪತ್ತೆರಡು ವರ್ಷ ಮನೆಮನೆಯ ನೆಲಕ್ಕೆ ಟೈಲು ಹಾಸಿದ ಕೈ ಅದು. ಹಾಸಿದ ಒಂದೊಂದನ್ನೂ ಕುಟ್ಟಿ ಕೇಳುವುದು, 'ಡೊಬ್' ಎಂದರೆ ಅಡಿಯಲ್ಲಿ ಗಾರೆ ತುಂಬಿಲ್ಲವೆಂದು ಸುಣ್ಣದ ಗುರುತು ಹಾಕಿ ಕಿತ್ತೊಗೆಯುವುದು ಅವನ ನಿತ್ಯನೇಮ. ಶಬ್ದಕ್ಕೆ ಆಕಾಶವೇ ಆಶ್ರಯವೆಂದು ಬಲ್ಲವರು ಹೇಳುವರು. ಮೇಸ್ತ್ರಿಯ ಶಾಸ್ತ್ರದಲ್ಲಿ ಮಾತ್ರ ಟೈಲಿನಡಿಯ ಆ ಬರಿದಾದ ಆಕಾಶವೇ ಮಹಾದೋಷ. ತನ್ನ ಕೈಯಿಂದ ಒಂದೇ ಒಂದು ಟೊಳ್ಳು ಟೈಲು ನೆಲ ಸೇರಿಲ್ಲವೆಂಬುದು ಅವನ ಜೀವಮಾನದ ಹೆಮ್ಮೆ.

ಮಗಳಿಗಾದರೋ ಈ ಪೆಟ್ಟಿಗೆಯಿಲ್ಲದೆ ಗತಿಯಿರಲಿಲ್ಲ. ಸೋದರಮಾವ ಕೊಟ್ಟ ಎಲೆಕ್ಟ್ರಿಕ್ ಗಿಟಾರು ತಾನೊಂದೇ ನುಡಿದರೆ ಸೊಳ್ಳೆಯಷ್ಟು ಸದ್ದು. ಆರು ತಿಂಗಳಿಂದ ಅವಳು ಅದರ ತಲೆಯನ್ನು ಬಟ್ಟೆಯ ಬೀರುವಿನ ಬಾಗಿಲಿಗೆ ಒತ್ತಿ ಹಿಡಿದು, ಮರದಿಂದ ಹೊಮ್ಮುವ ಅಷ್ಟಿಷ್ಟು ನಾದವನ್ನೇ ನೆಚ್ಚಿ ಅಭ್ಯಾಸ ಮಾಡುತ್ತಿದ್ದಳು. ಅದು ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಒಗೆದ ಅಂಗಿ ಸಿಗುತ್ತಿರಲಿಲ್ಲ. ಶಾಲೆಯ ವಾದ್ಯವೃಂದದ ಆಯ್ಕೆಗೆ ಇನ್ನು ಹತ್ತೇ ದಿನ. ಅಲ್ಲಿ ಆಂಪ್ಲಿಫೈಯರಿಗೆ ಜೋಡಿಸಿಯೇ ನುಡಿಸಬೇಕು. ಅದರಲ್ಲಿ ತನ್ನ ಕೈ ಹೇಗೆ ಕೇಳಿಸುವುದೆಂದು ಅವಳಿಗೇ ತಿಳಿಯದು.

"ಟೊಳ್ಳಿರೋದಕ್ಕೇ ಸದ್ದು ಬರೋದು, ಮೇಸ್ತ್ರಿಗಳೇ. ಸಿಮೆಂಟು ತುಂಬಿದ್ರೆ ಕಲ್ಲು ಬಾರಿಸಿದ ಹಾಗಾಗತ್ತೆ," ಎಂದು ಅಂಗಡಿಯಾಕೆ ಸುಣ್ಣ ಒರಸುತ್ತ, ದೊಡ್ಡ ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿದಳು. "ಪುಟ್ಟೀ, ಇದು ನಿನಗೆ ಬೇಡ. ಗಟ್ಟಿಯಾಗಿ ಇಟ್ರೇನೇ ಇದರ ರುಚಿ. ಅಷ್ಟು ಹೊತ್ತಿಗೆ ಪಕ್ಕದ ಮನೆಯೋರು ಬಾಗಿಲು ಬಡೀತಾರೆ. ಈ ಚಿಕ್ಕದು ನೋಡು. ಪಿಸುಗುಟ್ಟಿದ್ರೂ ತುಂಬಿದ ದನಿ."

ಮೇಸ್ತ್ರಿ ಚಿಕ್ಕದನ್ನು ಕುಟ್ಟಿದನು. ಅದೂ ಟೊಳ್ಳೇ. ಮಗಳ ಮುಖ ನೋಡಿ ಸುಣ್ಣವನ್ನು ಜೇಬಿಗಿಳಿಸಿದನು. "ಏಳು ದಿನ ನೋಡ್ತೀನಿ. ಗಡಗಡ ಅಂತ ಒಂದು ಸಲ ಅಂದ್ರೂ ವಾಪಸ್."

"ಆಗ್ಲಿ. ಬರೋವಾಗ ಆ ಸುಣ್ಣ ಮಾತ್ರ ಮನೇಲಿಟ್ಟು ಬನ್ನಿ."

ಮನೆಯ ನಡುಕೋಣೆಯ ನೆಲದ ಮೇಲೆ ಪೆಟ್ಟಿಗೆ ಕುಳಿತಿತು. ಮಗಳು ಸಣ್ಣ ತಂತಿಗಳನ್ನು ಮೀಟಿದಾಗ ಅಡುಗೆಮನೆಯಿಂದ ತಾಯಿ ಒದ್ದೆ ಕೈಯಲ್ಲೇ ಹೊರಗೆ ಬಂದು ನಿಂತಳು. ಅಷ್ಟು ಸೊಗಸಾಗಿತ್ತು. ಆದರೆ ದಪ್ಪ ತಂತಿಯನ್ನು ಮೀಟಿದೊಡನೆ 'ಜರ್ರ್' ಎಂದು ಕರ್ಕಶವಾದೊಂದು ಸದ್ದು ಎದ್ದಿತು.

"ಕೇಳಿಸ್ತಾ? ನಾನು ಬಡ್ಕೊಳ್ಳಲಿಲ್ವಾ?" ಮೇಸ್ತ್ರಿ ಆಗಲೇ ಚಪ್ಪಲಿ ಹುಡುಕುತ್ತಿದ್ದನು. "ಕಟ್ಟು ಅದನ್ನ. ಅಂಗಡಿ ಮುಚ್ಚೋದ್ರೊಳಗೆ ಕೊಟ್ಟು ಬರೋಣ."

ಮಗಳು ಮತ್ತೆ ಮೀಟಿದಳು. ಮತ್ತೆ 'ಜರ್ರ್'. ಅವಳ ಕಣ್ಣು ತುಂಬಿಬಂದಿತು. ದೃಷ್ಟಿ ತಾನಾಗಿ ಬೀರುವಿನ ಕಡೆಗೆ ಹೊರಳಿತು.

"ಸ್ವಲ್ಪ ತಡೀರಿ," ಎಂದ ತಾಯಿ ಪೆಟ್ಟಿಗೆಯನ್ನು ಎತ್ತಿ ಸ್ಟೂಲಿನ ಮೇಲಿಟ್ಟಳು. "ಈಗ ಬಾರಿಸೇ." ಗಂಭೀರವೂ ನಿರ್ಮಲವೂ ಆದ ನಾದ ಹೊಮ್ಮಿತು. ಕೆಳಗಿಟ್ಟಳು: 'ಜರ್ರ್'. ಪೆಟ್ಟಿಗೆಯ ಪಕ್ಕದ ಟೈಲಿನ ಮೇಲೆ ಪಾದ ಊರಿದಳು: 'ಜರ್ರ್' ಮಾಯ, ಬರೀ ನಾದ. ಪಾದ ತೆಗೆದಳು: 'ಜರ್ರ್'.

"ರೀ, ತಪ್ಪು ಪೆಟ್ಟಿಗೇದಲ್ಲ. ನಿಮ್ಮ ನೆಲದ್ದು."

ಮೇಸ್ತ್ರಿ ಮಂಡಿಯೂರಿ ಆ ಟೈಲನ್ನು ಕುಟ್ಟಿದನು. ಡೊಬ್. ಅದರ ಪಕ್ಕದ್ದನ್ನು ಕುಟ್ಟಿದನು. ಟಕ್. ಮತ್ತೆ ಮೊದಲಿನದಕ್ಕೆ ಬಂದನು. ಡೊಬ್. ಕಿವಿಯ ತುದಿಯವರೆಗೂ ಕೆಂಪಾಗಿ, ಜೇಬಿನ ಸುಣ್ಣ ತೆಗೆದು, ತನ್ನ ಮನೆಯ ನೆಲದ ಮೇಲೆಯೇ ಇಂಟು ಗುರುತು ಹಾಕಿದನು.

"ಅಪ್ಪಾ, ಇದನ್ನೂ ಏಳು ದಿನ ನೋಡಿ ವಾಪಸ್ ಕೊಡೋಣ್ವಾ?" ಎಂದಳು ಮಗಳು, ಕಣ್ಣೊರಸಿಕೊಳ್ಳುತ್ತ.

ತಾಯಿಗೆ ನಗು ತಡೆಯಲಾಗಲಿಲ್ಲ. "ರೇಗಿಸ್ಬೇಡ ಕಣೇ. ಈ ಕೋಣೆಗೆ ಕೊನೇದಾಗಿ ಹಾಕಿದ್ದು ಅದೇ ಟೈಲು. ಅದಕ್ಕೆ ಗಾರೆ ಬಳೀತಾ ಇದ್ರು, ನನಗೆ ನೋವು ಶುರುವಾಯ್ತು. ಅರ್ಧಂಬರ್ಧ ಬಳಿದಿದ್ದನ್ನ ಹಾಗೇ ಕೂರಿಸಿ, ಕೈಯನ್ನೂ ತೊಳೀದೆ ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಓಡಿದ್ರು. ಸಾಯಂಕಾಲಕ್ಕೆ ನೀನು ಹುಟ್ಟಿದೆ. ನರ್ಸು ಬೈದು, ಕೈ ತೊಳೆಸಿ, ಆಮೇಲೆ ನಿನ್ನನ್ನ ಇವರ ಕೈಗೆ ಕೊಟ್ಟಿದ್ದು."

ಮೇಸ್ತ್ರಿ ಎದ್ದು ಹೋಗಿ ಕೆಲಸದ ಚೀಲದಿಂದ ಉಳಿ ತಂದು, ಟೈಲಿನ ಸಂದಿಗೆ ಅದರ ಮೊನೆಯನ್ನು ಇಟ್ಟನು. ಹದಿನಾಲ್ಕು ವರ್ಷದ ಮಗಳನ್ನು ಒಮ್ಮೆ ನೋಡಿದನು. ಉಳಿಯನ್ನು ಪಕ್ಕಕ್ಕಿಟ್ಟು, ಸುಣ್ಣದ ಗುರುತನ್ನು ಅಂಗಿಯ ತೋಳಿನಿಂದ ಉಜ್ಜಿ ಅಳಿಸಿದನು.

"ಕೀಳಲ್ವಾ, ಅಪ್ಪಾ?"

"ಇರ್ಲಿ ಬಿಡು. ನಾಳೆಯಿಂದ ಪೆಟ್ಟಿಗೆ ಸ್ಟೂಲಿನ ಮೇಲಿರ್ಲಿ. ಇವತ್ತು ಇಲ್ಲೇ, ಆ ದಪ್ಪ ತಂತೀನ ಇನ್ನೊಂದು ಸಲ ಬಾರಿಸು."

ಅವಳು ಮೀಟಿದಳು. ಕುಟ್ಟಲೆಂದೇ ಸದಾ ಮಡಚಿರುತ್ತಿದ್ದ ಬೆರಳುಗಳನ್ನು ಬಿಡಿಸಿ, ಮೇಸ್ತ್ರಿ ಆ ಟೈಲಿನ ಮೇಲೆ ಅಂಗೈಯಿಟ್ಟನು. ಆಗತಾನೇ ನಿದ್ದೆ ಹತ್ತಿದ ಕೂಸಿನ ಬೆನ್ನ ಮೇಲೆ ಇಡುವಷ್ಟು ಮೆಲ್ಲಗೆ.