ಜಪಾನಿನಿಂದ ಬಂದ ಪ್ರಶ್ನೆ

ಜಪಾನಿನ ಶಾಲೆಯೊಂದರ ಜೊತೆ ಪತ್ರ ಬರೆದುಕೊಳ್ಳುತ್ತಾ ಗಾಳಿಪಟ ಮಾಡುತ್ತಿದ್ದ ಹಳ್ಳಿ ಶಾಲೆಯ ಐದನೇ ತರಗತಿಯ ಮಕ್ಕಳು ಅಂದು ಮೊದಲ ಬಾರಿಗೆ ಅಲ್ಲಿನ ಗೆಳೆಯರನ್ನು ಪರದೆಯ ಮೇಲೆ ನೋಡುವವರಿದ್ದರು. ಅವರಲ್ಲೊಬ್ಬಳಾದ ನೀಲವ್ವನ ಕಾಲು ಖುಷಿಗೆ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಯಾರ ಬಾಯಾಗೂ ಕನ್ನಡ ಬರಬಾರದು. ಬರೇ ಇಂಗ್ಲಿಷ್! ನಮ್ಮ ಸಾಲಿ ಮರ್ಯಾದಿ ಪ್ರಶ್ನೆ,” ಎಂದು ಹೆಡ್‌ಮಾಸ್ತರರು ಗದರಿಸಿದರು.

“ಆತ್ರಿ ಸರ್!” ಎಂದರು ಮಕ್ಕಳು.

ಪರದೆ ಬೆಳಗಿತು. ಜಪಾನಿನ ಮಕ್ಕಳು ಬಣ್ಣಬಣ್ಣದ ಗಾಳಿಪಟಗಳನ್ನು ಎತ್ತಿ ಹಿಡಿದು ಒಕ್ಕೊರಲಿನಿಂದ ಕೂಗಿದರು:

“ನಮಸ್ಕಾರ! ಊಟ ಆಯ್ತಾ?”

ನಾಲಿಗೆಯ ತುದಿಗೆ ಬಂದ ಉತ್ತರವನ್ನು ತಡೆಯಲು ನೀಲವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇಡೀ ತರಗತಿ ಹಾಗೆಯೇ ಬಾಯಿ ಮುಚ್ಚಿಕೊಂಡು, ನಗು ತಡೆಯಲಾರದೆ ಕುಲುಕಾಡುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಮಕ್ಕಳನ್ನು ಸರಿಸಿಕೊಂಡು ಓಡಿ ಬಂದ ಹೆಡ್‌ಮಾಸ್ತರರು ಕ್ಯಾಮೆರಾದ ಮುಂದೆ ನಿಂತು ಕೂಗಿದರು:

“ಆತ್ರೆಪ್ಪಾ, ಆತು! ನಿಮ್ದಾತೇನು?”