ಬೆಳ್ಳಿಯ ದೋಣಿ

ಹರಕೆ ತೀರಿಸಿದವರ ಕಾಣಿಕೆಗಳಿದ್ದ ಕಪಾಟಿನ ಗಾಜನ್ನು ಜೆನೋವಾ ಸೆರಗಿನಿಂದ ಒರೆಸಿ ಮತ್ತೆ ಓದಿದಳು. ಪುಟ್ಟ ಬೆಳ್ಳಿಯ ದೋಣಿಯ ಮೇಲೆ ಕೆತ್ತಿತ್ತು: "ಕಡಲಿನಿಂದ ಉಳಿಸಿದ ವೇಳಾಂಕಣಿ ಮಾತೆಗೆ, ಕುಳಚ್ಚಲಿನ ಸೂಸೈ ಮಗ ಅಮಲದಾಸ್, ಹೆಂಡತಿ ಪ್ರೆಸಿಲ್ಲಾ." ಕೆಳಗೆ ಕಳೆದ ತಿಂಗಳ ತಾರೀಖು. ಜೆನೋವಾಳ ಗಂಡ ಅಮಲದಾಸ್ ಮೀನಿಗೆ ಹೋಗಿ ಮರಳದೆ ಎಂಟು ತಿಂಗಳಾಗಿತ್ತು.

ಅವನಿಗಾಗಿ ಮರಳ ದಾರಿಯುದ್ದಕ್ಕೂ ಮೊಣಕಾಲಲ್ಲೇ ನಡೆದು ಬಂದಿದ್ದ ಅತ್ತೆ ಹಿಂದಿನಿಂದ ಗೊಣಗಿದಳು.

"ನನ್ ಮಂಡಿ ಸುಲಿದೋಯ್ತು, ನೀನು ಬೆಳ್ಳಿ ನೋಡ್ತಾ ನಿಂತ್ಯಾ? ಏನೇ ಬರ್ದಿದಾರೆ ಅದ್ರಲ್ಲಿ?"

ಅತ್ತೆಗೆ ಓದು ಬಾರದು. ಊರು, ಮಾವನ ಹೆಸರು, ಯಾವುದೂ ತಪ್ಪಿರಲಿಲ್ಲ.

"ನಿಮ್ಮ ಮಗ ಬದುಕಿದ್ದಾರೆ, ಅತ್ತೆ."

ಅತ್ತೆ ನೆಲಕ್ಕೆ ಹಣೆ ಹಚ್ಚಿ ಗೋಳೋ ಎಂದು ಅತ್ತಳು. ಆಮೇಲೆ ಎದ್ದು ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ನಿನ್ ತಾಳಿ ಗಟ್ಟಿ ಕಣೇ, ಮಗಳೇ!"