ನೀಲಿಗೆ ಜಾರಿದ ಕರಡಿಗೆ

ಕೊರಳಿನ ದಾರ ಕಡಲೊಳಗಿನ ಹವಳದ ಕೊಂಬೆಗೆ ಸಿಕ್ಕಿದ್ದು ಗುರುಪಾದನಿಗೆ ತಿಳಿಯಲೇ ಇಲ್ಲ. ಹಿಂದೆ ಸರಿದ. ದಾರ ಕಡಿಯಿತು. ಕಣ್ಣೆದುರೇ ಲಿಂಗದ ಬೆಳ್ಳಿಯ ಕರಡಿಗೆ ಕೆಳಗಿಳಿಯತೊಡಗಿತು. ಕಲ್ಲಿನಂತೆ ಮುಳುಗಬೇಕಾದದ್ದು, ಹೋಗಲು ಮನಸ್ಸಿಲ್ಲದವರ ಹಾಗೆ ಅತ್ತಿತ್ತ ಓಲಾಡುತ್ತ ಹೋಗಿ ಹವಳದ ಗೋಡೆಯ ಬುಡದ ಕಡುನೀಲಿಯಲ್ಲಿ ಮರೆಯಾಯಿತು. ಅವನು ಬೆನ್ನಟ್ಟಲು ಹೊರಟ. ಅಸ್ಫಾಕ ರಟ್ಟೆ ಹಿಡಿದು ಜಗ್ಗಿ, ಮೇಲಕ್ಕೆ ಬೆರಳು ತೋರಿಸಿದ.

ಅಸ್ಫಾಕ ಹಳೇ ಹುಬ್ಬಳ್ಳಿಯವನು, ಗುರುಪಾದನ ಶಾಲೆಯ ಗೆಳೆಯ. ಈಗ ಅಂಡಮಾನಿನಲ್ಲಿ ಪ್ರವಾಸಿಗರ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಕಡಲೊಳಗೆ ಕರೆದೊಯ್ಯುವುದು ಅವನ ಕಸುಬು. ಅವನು ಮೊದಲೇ ಹೇಳಿದ್ದ: ಇದು ಸರಕಾರ ಕಾಯುವ ಸಮುದ್ರ ಉದ್ಯಾನ, ಗೋಡೆಯ ಹತ್ತಿರ ಹೋಗಬೇಡ, ಏನನ್ನೂ ಮುಟ್ಟಬೇಡ, ಕೊರಳಲ್ಲಿ ಇರುವುದನ್ನೆಲ್ಲ ತೆಗೆದಿಟ್ಟು ಬಾ. ಗುರುಪಾದ ಸಿಟ್ಟಿಗೆದ್ದಿದ್ದ.

"ಲಿಂಗಾ ತಗದು ನೀರಿಗಿಳಿಯೂದಾದ್ರ ನಾ ಇಳಿಯೂದ ಇಲ್ಲ."

ಎಂಟನೆಯ ವಯಸ್ಸಿನಲ್ಲಿ ಗುರುಗಳು ಅಂಗೈಗಿಟ್ಟ ಇಷ್ಟಲಿಂಗ. ಅಂದಿನಿಂದ ಅದು ಮೈ ಬಿಟ್ಟು ಇದ್ದದ್ದಿಲ್ಲ. ಕೊನೆಗೆ ಜಗಳ ಬಿಡಿಸಿದವಳು ಹೆಂಡತಿ ರಾಜೇಶ್ವರಿ. ಬೆಳಗಿನ ಪೂಜೆ ಮುಗಿದ ಮೇಲೆ, ದಾರ ಜೀರ್ಣವಾಗಿದೆ, ಹೊಸದು ಹಾಕಿಕೊಡುತ್ತೇನೆ ಎಂದು ಕರಡಿಗೆಯನ್ನು ಇಸಿದುಕೊಂಡಳು. ಅವನು ಬೂಟು ಕಳಚುವಷ್ಟರಲ್ಲಿ ಹೊಸ ದಾರ ಪೋಣಿಸಿ, ತಾನೇ ಅವನ ಕೊರಳಿಗೆ ಕಟ್ಟಿದಳು. ಹತ್ತಿ ವ್ಯಾಪಾರಿಗೆ ಅಷ್ಟು ಗಟ್ಟಿ ದಾರ ಸಾಕೆಂದು ನಕ್ಕಿದ್ದಳು ಕೂಡ.

ಅವಳಿಗೆ ನೀರೆಂದರೆ ಭಯ, ದೋಣಿಯಲ್ಲೇ ಕುಳಿತಿದ್ದಳು. ಮೇಲೆ ಬಂದವನ ಬರಿಗೊರಳು ಅವಳ ಕಣ್ಣಿಗೆ ಬಿತ್ತು. ಎಲ್ಲಿ ಎಂದು ಕೇಳಿದಳು.

"ಕಡೀಕ ತಗದಿಟ್ಟೆ. ಚೀಲದಾಗ ಐತಿ."

ಚೀಲ ಅವಳ ತೊಡೆಯ ಮೇಲೆಯೇ ಇತ್ತು. ಸುಳ್ಳು ಹೇಳಿಯಾದ ಮೇಲೆ ಅವನಿಗೆ ಅದು ಕಾಣಿಸಿತು. ರಾಜೇಶ್ವರಿ ಚೀಲ ನೋಡಿದಳು, ಗಂಡನನ್ನು ನೋಡಿದಳು.

"ಹಂಗಾದ್ರ ಛಲೋ ಆತು ಬಿಡ್ರಿ," ಎಂದಳು. ಆಮೇಲೆ ಕೇಳಲಿಲ್ಲ.

ಹುಬ್ಬಳ್ಳಿಗೆ ಬಂದವನೇ ಗುರುಪಾದ ಸರಾಫರ ಅಂಗಡಿ ಹುಡುಕಿ ಅಂಥದ್ದೇ ಕರಡಿಗೆ ಕೊಂಡು, ಖಾಲಿಯಾಗಿಯೇ ಕಟ್ಟಿಕೊಂಡ. ಪೇಟೆಯಲ್ಲಿ ಲಿಂಗ ಸಿಗುತ್ತದೆ, ದೀಕ್ಷೆ ಸಿಗುವುದಿಲ್ಲ. ವಿದ್ಯಾನಗರದ ಮನೆಯ ಪೂಜೆಯ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಬರಿ ಅಂಗೈ ನೋಡುತ್ತ ಕೂರುತ್ತಿದ್ದ. ಲಿಂಗ ಕಳೆದುಕೊಂಡವನು ಬಾಯಿಗೆ ನೀರು ಬಿಡಬಾರದು ಎನ್ನುವ ಕಾಲದವರು ಅವನ ಅಪ್ಪ ಮಡಿವಾಳಪ್ಪ. ಅವರ ಎದುರು ಕುಳಿತರೆ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ದಿನಕ್ಕೊಮ್ಮೆ ಅಸ್ಫಾಕನಿಗೆ ಫೋನು. ಅವನದು ಒಂದೇ ಮಾತು: ಆ ಗೋಡೆಯ ಬುಡ ಮುಟ್ಟಿ ಬಂದವರನ್ನು ತಾನು ಕಂಡಿಲ್ಲ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ರಾಜೇಶ್ವರಿ ಮಾಡಿದ್ದೆಲ್ಲ ಅವನಿಗೆ ಅನುಮಾನ ತರಿಸತೊಡಗಿತು. ತನ್ನ ಸಣ್ಣ ಕರಡಿಗೆ ಬಿಟ್ಟು ತವರಿನ ಅಜ್ಜಿಯ ದುಂಡನೆಯ ದೊಡ್ಡ ಕರಡಿಗೆ, ಗುಂಡಗಡಗಿ, ಹಾಕಿಕೊಂಡಿದ್ದಳು. ಅವನು ಮುಟ್ಟದೆ ಬಿಟ್ಟು ಬಂದ ಅವನ ಪಾಲಿನ ಬಿಲ್ವಪತ್ರಿ ಬುಟ್ಟಿಯಲ್ಲಿ ಉಳಿಯುತ್ತಿರಲಿಲ್ಲ. ಅವನ ಬಾಯಿ ಬಿಡಿಸಲಿಕ್ಕೇ ಅವಳು ಅದನ್ನು ಎತ್ತಿಡುತ್ತಿದ್ದಾಳೇನೋ! ಪೂಜೆಗೆ ಕೂತವಳು ಬೇಗ ಏಳುತ್ತಲೂ ಇರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಈಗೀಗ ನಿನ್ನ ಪೂಜಿ ಭಾಳ ತಡಾ ಆಗಾಕತ್ತೇತಲ್ಲ?"

"ಕೆಲಸ ಹೆಚ್ಚಾಗೇತ್ರಿ," ಎಂದಳು. "ನಿಮ್ಮದು ಲಗೂ ಮುಗಿತೈತಿ."

ಅವನು ಚಪ್ಪಲಿ ಮೆಟ್ಟಿ ಅಮರಗೋಳದ ಮಾರುಕಟ್ಟೆಗೆ ಓಡಿದ. ಅಂದು ಕೈಯಲ್ಲಿ ಹಿಡಿದ ಹತ್ತಿಯ ಎಳೆ ಉದ್ದವೋ ಗಿಡ್ಡವೋ ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮಡಿವಾಳಪ್ಪ ಮೊಮ್ಮಗಳು ದ್ರಾಕ್ಷಾಯಿಣಿಯ ಲಿಂಗಧಾರಣೆಗೆ ದಿನ ಹಿಡಿದರು. ಮಠದಿಂದ ಸ್ವಾಮಿಗಳು ಬರುತ್ತಾರೆ. ಮಗಳ ಪಕ್ಕದಲ್ಲಿ ತಂದೆ ಕೂತು, ತನ್ನ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ತೋರಿಸಿಕೊಡಬೇಕು. ಎಲ್ಲರ ಎದುರಿಗೆ. ಗುರುಪಾದನ ನಿದ್ದೆ ಹಾರಿಹೋಯಿತು. ಮೈ ಹುಷಾರಿಲ್ಲ ಎನ್ನಲೇ, ಊರು ಬಿಟ್ಟು ಹೋಗಲೇ ಎಂದು ನೂರು ದಾರಿ ಹುಡುಕಿದ. ಆದರೆ ಹೊಸ ಲಂಗ ಉಟ್ಟ ಮಗಳು ಬಂದು, ಲಿಂಗವನ್ನು ಹೇಗೆ ಹಿಡಿಯಬೇಕು, ತೋರಿಸು ಎಂದು ಪುಟ್ಟ ಅಂಗೈ ಚಾಚಿದಾಗ ಅವನ ಎದೆ ಒಡೆಯಿತು. ಈ ಕೈಯ ಪಕ್ಕದಲ್ಲಿ ಸುಳ್ಳು ಹಿಡಿದು ಕೂರುವುದು ಅವನಿಂದಾಗದು.

ಸ್ವಾಮಿಗಳು ಪಡಸಾಲೆಯಲ್ಲಿ ಕುಳಿತಾಗಿತ್ತು. ಅವನು ರಾಜೇಶ್ವರಿಯನ್ನು ಪೂಜೆಯ ಕೋಣೆಗೆ ಕರೆದ. ಖಾಲಿ ಕರಡಿಗೆ ಬಿಚ್ಚಿ ಅವಳ ಮುಂದಿಟ್ಟ.

"ಚೀಲದಾಗ ಇರಲಿಲ್ಲ, ರಾಜೀ. ಆ ಗೋಡೀ ಮುಟ್ಟಬೇಕಂತ ಆಸಿ ಮಾಡಿದೆ, ಸಮುದ್ರದಾಗ ಕಳಕೊಂಡೆ. ಅಪ್ಪಾಗ ನಾನ ಹೇಳ್ತೇನಿ. ನಿನಗ ಮೊದಲ ಹೇಳಬೇಕಾಗಿತ್ತು, ಧೈರ್ಯ ಆಗಲಿಲ್ಲ."

ಅವನು ಅಳುತ್ತಿದ್ದ. ರಾಜೇಶ್ವರಿ ಎದ್ದು ಬಾಗಿಲಿನ ಚಿಲಕ ಹಾಕಿದಳು. ಬಂದು ಎದುರಿಗೆ ಕೂತು ಕೊರಳಿನ ಗುಂಡಗಡಗಿ ತೆರೆದಳು. ಒಳಗೆ ಬಿಳಿ ಬಟ್ಟೆಯ ಎರಡು ಪುಟ್ಟ ಗಂಟುಗಳಿದ್ದವು. ಒಂದನ್ನು ಬಿಚ್ಚಿ ಅವನ ಎಡ ಅಂಗೈಯಲ್ಲಿ ಇಟ್ಟಳು.

"ದಾರಾ ಹಾಕುವಾಗನ ನೀರಿಗೆ ಅಂಜಿ ಲಿಂಗಾ ತಗದಿಟ್ಟಿದ್ದೆ, ನಿಮ್ಮ ಬಾಯಿಲೆ ಖರೇ ಬರಲಿ ಅಂತ ಕಾಯಾಕತ್ತಿದ್ದೆ," ಎಂದಳು. "ಸಮುದ್ರದ ಪಾಲಾಗಿದ್ದು ಕರಡಗ್ಯಾಗ ತುರುಕಿದ್ದ ನಿಮ್ಮ ಅಂಗಡೀ ಹತ್ತಿ ಅಷ್ಟರಿ."